ಆಡು ಬಾಗಿಲು ಹಾಕಿದ ಮೇಲೆ

ದೇವದುರ್ಗ
೧೪ ಡಿಸೆಂಬರ್ ೨೦೨೪

ದೋಸ್ತ ಸತ್ತಾರ್ ಸಾಬ್,

ಸಲಾಮು. ನಿನ್ನ ಕಾಗದ ಬಂದ ಮೇಲೆ ದೀಪಾವಳಿ ಹೋಯಿತು, ಕಾರ್ತಿಕ ಹೋಯಿತು, ನನ್ನ ಉತ್ತರ ಮಾತ್ರ ಮನೆ ಬಿಟ್ಟು ಹೊರಡಲಿಲ್ಲ. ತಪ್ಪು ನನ್ನದೇ, ಕಿವಿ ಹಿಂಡಬೇಕೆಂದರೆ ಎದುರಿಗೆ ಬಂದು ಹಿಂಡು. ಕಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮೇಲೆ ಮೊದಲು ಸೊಸೆಯ ಮುಖ ಕಂಡಿತು, ಆಮೇಲೆ ಗೋಡೆಯ ಮೇಲಿನ ಹಲ್ಲಿ ಕಂಡಿತು, ಎರಡೂ ಸ್ಪಷ್ಟವಾಗಿವೆ ಎಂದು ನೀನು ಬರೆದಿದ್ದೆ. ಆ ಕಾಗದವನ್ನು ಅಂಚೆಗೆ ಹಾಕಲು ಸೊಸೆಯ ಕೈಗೆ ಕೊಟ್ಟಿರಲಿಲ್ಲ ತಾನೆ? ಈಗ ಕಪ್ಪು ಕನ್ನಡಕ ಹಾಕಿಕೊಂಡು ತೀನ್ ಕಂದೀಲ್ ಸರ್ಕಲಿನ ತನಕ ನಡೆದು ಬರುತ್ತೀಯೆಂದು ಕೇಳಿದೆ. ಆ ಕಂದೀಲುಗಳು ಮೂರೇ ಕಾಣುತ್ತವೋ, ಆರು ಕಾಣುತ್ತವೋ ತಿಳಿಸು. ಆರು ಕಂಡರೆ ರಾಯಚೂರಿನ ಡಾಕ್ಟರನ್ನು ಬದಲಿಸೋಣ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನಗೆ ಸಿಟ್ಟು ಪೂರ್ತಿ ಬರುವುದಿಲ್ಲ. ಅರ್ಧ ಬರುವಷ್ಟರಲ್ಲಿ ಲೈನು ಹೋಗುತ್ತದೆ. ಈ ಸಲದ ಸಿಟ್ಟು ದೊಡ್ಡದು, ಅದಕ್ಕೆ ಕಾಗದವೇ ಬೇಕು.

ವಿಷಯ ಇಷ್ಟು. ನನ್ನ ಮೊಮ್ಮಗಳು ಉಮಾಶ್ರೀಯನ್ನು ಅವಳ ಅಪ್ಪ ಕಾಲೇಜು ಬಿಡಿಸಿ ಮಾನ್ವಿಗೆ ಕರೆದುಕೊಂಡು ಹೋಗಿದ್ದಾನೆ. ನನ್ನ ಮಗಳು ಬಸವಂತಮ್ಮನ ಮಗಳು ಇವಳು. ಪಿಯುಸಿ ಓದಲೆಂದು ದೇವದುರ್ಗಕ್ಕೆ ಬಂದು ನನ್ನ ಮನೆಯಲ್ಲೇ ಇದ್ದಳು. ಎರಡನೇ ವರ್ಷ, ವಿಜ್ಞಾನ. ಪರೀಕ್ಷೆ ಬಾಗಿಲಿಗೆ ಬಂದಿದೆ. ಹೀಗೇ ಮನೆಯಲ್ಲಿ ಕೂತರೆ ಹಾಜರಿ ಕಮ್ಮಿ ಬಿದ್ದು ಪರೀಕ್ಷೆಗೆ ಕೂಡಿಸುವುದಿಲ್ಲ. ಇಷ್ಟಕ್ಕೆಲ್ಲ ಕಾರಣ ಒಂದು ಸಿನಿಮಾ. ಅದನ್ನು ಅವಳು ಪೂರ್ತಿ ನೋಡಿದ್ದಾಳೆ, ನಾನು ಪೂರ್ತಿ ನೋಡಿದ್ದೇನೆ. ಕೆಟ್ಟದ್ದೆಂದು ತೀರ್ಪು ಕೊಟ್ಟವರು ಒಬ್ಬರೂ ಪೂರ್ತಿ ನೋಡಿ ಕೊಟ್ಟಿಲ್ಲ.

ಅವಳು ಓದುವ ಕಾಲೇಜಿನಲ್ಲಿ ಹುಡುಗರೂ ಇದ್ದಾರೆ, ಹುಡುಗಿಯರೂ ಇದ್ದಾರೆ. ವರ್ಷಕ್ಕೊಮ್ಮೆ ಗ್ಯಾದರಿಂಗ್ ಸಮಾರಂಭದ ಹಿಂದಿನ ದಿನ ಸಭಾಂಗಣದಲ್ಲಿ ಒಂದು ಸಿನಿಮಾ ತೋರಿಸುತ್ತಾರೆ. ಯಾವುದೆಂದು ವಿದ್ಯಾರ್ಥಿಗಳು ಆರಿಸಬೇಕು, ಹಿರಿಯರ ಸಮಿತಿ ನೋಡಿ ಪಾಸು ಮಾಡಬೇಕು. ಸಮಿತಿಗೆ ರೈಸ್‌ಮಿಲ್ಲಿನ ಸಾಹುಕಾರ ದೊಡ್ಡಪ್ಪ ಅಧ್ಯಕ್ಷ. ಅವರ ಸೊಸೆ ಅನ್ನಪೂರ್ಣ ಅದೇ ಕಾಲೇಜಿನಲ್ಲಿ ಕನ್ನಡ ಲೆಕ್ಚರರು, ಆಕೆ ಒಬ್ಬ ಸದಸ್ಯೆ. ಮೂರನೆಯವನು ರಿಟೈರಾದ ಹೆಡ್‌ಮಾಸ್ತರ ಮೌನಪ್ಪ. ಹೆಸರಿಟ್ಟ ದಿನವೇ ಮೌನವನ್ನು ಅಪ್ಪನಿಗೆ ವಾಪಸು ಕೊಟ್ಟವನು. ಸಿನಿಮಾ ಎಂದ ಮೇಲೆ ಮೈಕಿನ ವಿರೂಪಣ್ಣ ಇರಲಿ ಎಂದು ನನ್ನನ್ನೂ ಸೇರಿಸಿದರು. ನಾವು ಮಾನ್ವಿ ಟಾಕೀಸಿನಲ್ಲಿದ್ದಾಗ ನೀನು ಮೇಲೆ ಮಶೀನು ತಿರುಗಿಸುತ್ತಿದ್ದೆ, ನಾನು ಜಟಕಾದಲ್ಲಿ ಮೈಕು ಹಿಡಿದು ಊರೂರು ತಿರುಗಿ ಸಿನಿಮಾ ಕೂಗುತ್ತಿದ್ದೆ. ಟಾಕೀಸು ಹೋಗಿ ಮದುವೆ ಮಂಟಪವಾದರೂ ಮಂದಿ ನನ್ನನ್ನು ಮರೆತಿಲ್ಲ. ಮರೆತಿದ್ದರೆ ಎಷ್ಟು ಚೆನ್ನಾಗಿತ್ತೆಂದು ಈಗ ಅನ್ನಿಸುತ್ತಿದೆ.

ಹೋದ ವರ್ಷ ಈ ಸಮಿತಿ ಪಾಸು ಮಾಡಿದ ಚಿತ್ರ ಯಾವುದು ಗೊತ್ತೇನು? ನಾಯಕ ಹುಡುಗಿಯ ಹಿಂದೆ ಬಸ್‌ಸ್ಟ್ಯಾಂಡಿಗೆ ಬರುತ್ತಾನೆ, ಗುಡಿಗೆ ಬರುತ್ತಾನೆ, ಕೊನೆಗೆ ಅವಳ ಮನೆಯ ಮಾಳಿಗೆ ಹತ್ತುತ್ತಾನೆ. ಅವಳು ಬೇಡ ಅಂದಷ್ಟೂ ಹಾಡು ಜೋರಾಗುತ್ತದೆ. ಅವಳು ಸಾಕಾಗಿ ಹೂಂ ಅಂದಾಗ ಇಡೀ ಊರು ಹೂವು ಚೆಲ್ಲುತ್ತದೆ. ಒಂದು ಮುಟ್ಟುವ ಸೀನಿಲ್ಲ, ಅಪ್ಪಟ ಸಾಂಸಾರಿಕ ಚಿತ್ರ ಎಂದು ಮೌನಪ್ಪ ಭಾಷಣದಲ್ಲಿ ಹೊಗಳಿದ. ಅದಾದ ಮೇಲೆ ಅರಕೇರಾದಿಂದ ಓಡಾಡುವ ಹುಡುಗಿಯೊಬ್ಬಳ ಹಿಂದೆ ಒಬ್ಬ ಬಿದ್ದ. ಬಸ್ಸಿನಲ್ಲಿ ಅವಳ ಬೆನ್ನಿಗೆ ನಿಂತು ಅದೇ ಹಾಡು ಗುನುಗುತ್ತಿದ್ದ. ಆ ಹುಡುಗಿ ಮೊದಲು ಬಸ್ಸಿನ ಹೊತ್ತು ಬದಲಿಸಿದಳು, ಆಮೇಲೆ ಕಾಲೇಜಿಗೆ ಬರುವುದನ್ನೇ ಬಿಟ್ಟಳು. ಉಮಾಶ್ರೀಯ ಬೆಂಚಿನವಳು ಅವಳು.

ಅದಕ್ಕೇ ಇವಳು ಈ ವರ್ಷ ಹುಡುಕಿ ಹುಡುಕಿ ಬೇರೆ ಸಿನಿಮಾ ತಂದಳು. ನನ್ನೆದುರು ಕೂತು ಹೇಳಿದಳು: "ತಾತಾ, ಹುಡುಗಿ ಬ್ಯಾಡ ಅಂದ್ರ ಮುಂದ ಏನ್ ಮಾಡಬೇಕಂತ ನಮ್ ಕ್ಲಾಸಿನ ಹುಡುಗುರಿಗೆ ಯಾರೂ ತೋರಿಸಿಲ್ಲ. ಇದರಾಗ ತೋರಿಸ್ಯಾರ. ಅದೂ ನಗಸಿ ತೋರಿಸ್ಯಾರ."

ಅದಕ್ಕೆ ದೊಡ್ಡ ಹೆಸರೊಂದು ಇದೆ. ಉಮಾಶ್ರೀ ಅದನ್ನು ಬಿಕ್ಕಳಿಕೆ ಸಿನಿಮಾ ಅನ್ನುತ್ತಾಳೆ, ನಾನೂ ಹಾಗೇ ಅನ್ನುತ್ತೇನೆ. ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುವ ಒಬ್ಬ ಹುಡುಗ. ಒಬ್ಬ ಹುಡುಗಿಯನ್ನು ಕಂಡರೆ ಅವನಿಗೆ ಬಿಕ್ಕಳಿಕೆ. ಅವಳು ಸೈಕಲ್ಲಿನ ಮೇಲೆ ಎದುರಾದರೆ ಮೆರವಣಿಗೆಯ ಹಾಡು ಹಿಕ್ಕೆಂದು ನಿಲ್ಲುತ್ತದೆ, ಮದುಮಗನ ಕುದುರೆ ಗಾಬರಿಯಾಗಿ ಮಂಟಪ ಬಿಟ್ಟು ಹಿಟ್ಟಿನ ಗಿರಣಿಯೊಳಗೆ ನುಗ್ಗುತ್ತದೆ. ಅವಳ ಮನೆಯಲ್ಲಿ ಒಂದು ಆಡು. ಅದಕ್ಕೆ ಬ್ಯಾಂಡಿನವರ ಕೆಂಪು ಟೊಪ್ಪಿಗೆ ಎಂದರೆ ಪ್ರಾಣ, ಕಂಡಲ್ಲಿ ತಿನ್ನುತ್ತದೆ. ಆ ಚಿತ್ರದಲ್ಲಿ ಎಲ್ಲರೂ ಸ್ವಲ್ಪ ಹೆಚ್ಚಾಗಿ ಆಡುತ್ತಾರೆ, ಆಡದೆ ಇರುವುದು ಆಡೊಂದೇ. ದೋಷವೇ ಇಲ್ಲ ಎನ್ನುವುದಿಲ್ಲ. ಬ್ಯಾಂಡ್ ಮಾಸ್ತರ ಕುಡಿದು ಹಾಡುವ ಹಾಡು ಉದ್ದವಾಯಿತು, ಒಂದು ಕಡೆ ಒಂದು ಹೊಲಸು ಬೈಗುಳವಿದೆ. ಆ ಎರಡನ್ನು ಮಕ್ಕಳ ಮುಂದೆ ಬೇಡ ಎಂದಿದ್ದರೆ ನಾನೂ ಕೈ ಎತ್ತುತ್ತಿದ್ದೆ.

ಸ್ಟಾಫ್ ರೂಮಿನಲ್ಲಿ ಟಿವಿ ಇಟ್ಟು ನೋಡಲು ಕೂತೆವು. ಮುಂದೆ ದೊಡ್ಡಪ್ಪ, ಪಕ್ಕದಲ್ಲಿ ಮೌನಪ್ಪ, ಹಿಂದೆ ಬಾಗಿಲ ಬಳಿ ಸೆರಗು ಹೊದ್ದುಕೊಂಡು ಅನ್ನಪೂರ್ಣ, ನಡುವೆ ನಾನು. ಕುದುರೆ ಗಿರಣಿಗೆ ನುಗ್ಗಿದಾಗ ದೊಡ್ಡಪ್ಪ ಕುರ್ಚಿ ಕಿರುಗುಟ್ಟುವ ಹಾಗೆ ನಕ್ಕರು. ಎಲ್ಲ ಸುಸೂತ್ರ ನಡೆದಿತ್ತು. ಅಷ್ಟರಲ್ಲಿ ಹುಡುಗಿ ಏನೋ ಕೇಳಲು ಬ್ಯಾಂಡಿನ ಸಾಮಾನು ಇಡುವ ಕೋಣೆಗೆ ಹೋಗುತ್ತಾಳೆ. ಒಳಗೆ ಹುಡುಗ ಒಬ್ಬನೇ. ಹಿಂದಿನಿಂದ ಆಡು ಬಂದು ಟೊಪ್ಪಿಗೆಯ ಆಸೆಗೆ ಬಾಗಿಲು ದೂಡುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಬೆಳಕು ಕಮ್ಮಿಯಾಗುತ್ತದೆ, ಕೊಳಲು ಶುರುವಾಗುತ್ತದೆ.

ಸತ್ತಾರ್, ಕೊಳಲಿನ ಮೊದಲ ಉಸಿರಿಗೇ ಸಮಿತಿ ಎದ್ದಿತು. ಮಾವನ ಮುಂದೆ ಸೊಸೆ, ಸೊಸೆಯ ಮುಂದೆ ಮಾವ, ಅಂಥದ್ದನ್ನು ಕೂತು ನೋಡುವುದು ಹೇಗೆ? ಅನ್ನಪೂರ್ಣ ಚಹಾ ಏನಾಯಿತೆಂದು ನೋಡಲು ಹೋದಳು. ದೊಡ್ಡಪ್ಪನಿಗೆ ಬಾಯಾರಿತು, ಪಕ್ಕದಲ್ಲೇ ತುಂಬಿದ ತಂಬಿಗೆ ಇದ್ದರೂ ನೀರಿಗಾಗಿ ಹೊರಗೆ ನಡೆದರು. ಇವರಿಬ್ಬರೂ ಹೋದ ಮೇಲೆ ತಾನೊಬ್ಬ ಕೂತರೆ ಏನೆಂದಾರು ಎಂದು ಮೌನಪ್ಪ, ಬಾರದ ಫೋನನ್ನು ತಲೆಕೆಳಗಾಗಿ ಕಿವಿಗೆ ಹಚ್ಚಿ ವರಾಂಡಕ್ಕೆ ಹೋದ. ಉಳಿದವನು ನಾನು, ಯಾರಿಗೂ ಮಾವನಾಗಿ ಕೂತಿರಲಿಲ್ಲ.

ಒಳಗೆ ಏನಾಯಿತು ಕೇಳು. ಹುಡುಗನಿಗೆ ಬಿಕ್ಕಳಿಕೆ ನಿಂತಿರುತ್ತದೆ. ನಿನ್ನನ್ನು ಮದುವೆಯಾಗಬೇಕೆಂದಿದ್ದೇನೆ ಎನ್ನುತ್ತಾನೆ. ಅವಳು ಅವನನ್ನು ನೋಡಿ, ನೀನು ನನಗೆ ಇಷ್ಟ, ಆದರೆ ಈಗ ಬೇಡ, ನಾನು ಓದುವುದಿದೆ ಎನ್ನುತ್ತಾಳೆ. ಅವನು ಸರಿ ಎನ್ನುತ್ತಾನೆ. ಅಷ್ಟೇ. ಆಣೆ ಇಲ್ಲ, ಅಳು ಇಲ್ಲ, ಕೈ ಕೊಯ್ದುಕೊಳ್ಳುವುದಿಲ್ಲ. ತಾನೇ ಹೋಗಿ ಬಾಗಿಲು ತೆಗೆಯುತ್ತಾನೆ. ಹೊರಗೆ ನಮ್ಮೂರಿನಂಥದೇ ಬಿಸಿಲು. ತನ್ನ ಟೊಪ್ಪಿಗೆ ಕೊಟ್ಟು, ಬಿಸಿಲಿದೆ ಹಾಕಿಕೊಂಡು ಹೋಗು ಎನ್ನುತ್ತಾನೆ. ಅವಳು ಹೊರಟ ಮೇಲೆ ಮತ್ತೆ ಬಿಕ್ಕಳಿಕೆ ಶುರು. ನಾನು ನಕ್ಕೆ, ನಗುತ್ತಲೇ ಕಣ್ಣು ಒರೆಸಿಕೊಂಡೆ. ಎಷ್ಟು ಸಿನಿಮಾ ಕೂಗಿದೆನಲ್ಲ, "ಸರಿ" ಅನ್ನುವ ಒಂದು ಮಾತಿಗೆ ಅಷ್ಟು ಧೈರ್ಯ ಬೇಕೆಂದು ನನಗೆ ಯಾವುದೂ ತೋರಿಸಿರಲಿಲ್ಲ.

ಸಮಿತಿ ಮರಳಿ ಬಂದು ಕೂತಿತು. ಆಗ ತೆರೆಯ ಮೇಲೆ ಏನಿತ್ತು? ಹುಡುಗಿ ಮನೆಗೆ ಬರುತ್ತಿದ್ದಾಳೆ. ತಲೆಯ ಮೇಲೆ ಹುಡುಗನ ಟೊಪ್ಪಿಗೆ, ಮುಖದಲ್ಲಿ ನಗು. ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಷ್ಟರಲ್ಲೇ ತೀರ್ಪು ಆಗಿಹೋಗಿತ್ತು.

ಮುಗಿದ ಮೇಲೆ ದೊಡ್ಡಪ್ಪ ಮೀಸೆ ಒರೆಸಿಕೊಂಡು, "ಸಿನಿಮಾ ನಗಸ್ತದ, ಇಲ್ಲನಂಗಿಲ್ಲ. ಆದ್ರ ಆ ಬಾಗಿಲಾ ಹಾಕಿದ ಕ್ವಾಣಿ ಅದ ನೋಡು, ಅದು ಹುಡುಗುರು ನೋಡೋದಲ್ಲ" ಅಂದರು.

"ಕ್ವಾಣ್ಯಾಗ ಏನಾತ್ರಿ?" ಎಂದೆ.

"ಏನಾತಂತ ಬಾಯಿಬಿಟ್ಟು ಹೇಳಬೇಕೇನು? ಟೊಪ್ಪಗಿ ಆಕಿ ತಲಿ ಮ್ಯಾಲ ಬಂತಲ್ಲ."

ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಹುಡುಗ ಸರಿ ಅಂದು ಬಾಗಿಲು ತೆಗೆದ ಎಂಬಲ್ಲಿಗೆ ಬಂದಾಗ ಮೌನಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ವಿರೂಪಣ್ಣ, ಈ ಸಿನಿಮಾ ನೀನ ಬರದಿದ್ರ ಇನ್ನೂ ಚಂದ ಆಗ್ತಿತ್ತು ಬಿಡು" ಅಂದ. ದೊಡ್ಡಪ್ಪನೂ ನಕ್ಕರು. ಅವರು ಕುದುರೆಗೆ ನಕ್ಕದ್ದಕ್ಕಿಂತ ಹೆಚ್ಚು ನಕ್ಕದ್ದು ನನ್ನ ಸತ್ಯಕ್ಕೆ. ಹಿಂದಕ್ಕೆ ತಿರುಗಿಸಿ ನೀವೇ ನೋಡಿ ಎಂದೆ. ದೊಡ್ಡಪ್ಪ ಬಾಗಿಲ ಕಡೆ ಕಣ್ಣು ಹಾಯಿಸದೆಯೇ ದನಿ ತಗ್ಗಿಸಿ, "ಸೊಸಿ ಕುಂತಾಳ. ನಾ ಕುಂತು ಆ ಕ್ವಾಣಿ ನೋಡ್ಲಿ ಅಂತೀಯೇನು?" ಅಂದರು. ಒಬ್ಬೊಬ್ಬರೇ ನೋಡಿ ಎಂದೆ. ಹಾಗೆ ಒಬ್ಬರೇ ಕೂತು ನೋಡಿದೆ ಎಂದು ಆಮೇಲೆ ಯಾರು ಒಪ್ಪಿಕೊಳ್ಳಬೇಕು? ಹದಿಹರೆಯದವರಿಗೆ ಯೋಗ್ಯವಲ್ಲ ಎಂದು ಬರೆದು ಮೂವರು ಸಹಿ ಹಾಕಿದರು, ನಾನು ಹಾಕಲಿಲ್ಲ. ಸಮಿತಿಯಲ್ಲಿ ಮಿತಿಯಿದೆ, ಮತಿಯಿಲ್ಲ ಎಂದು ಅಂದುಬಿಟ್ಟೆ. ಅದಕ್ಕೂ ಎಲ್ಲರೂ ನಕ್ಕರು. ನಾನು ಬೈದರೂ ನಗುತ್ತಾರೆ, ಸತ್ತಾರ್. ಸಿಟ್ಟು ಇಳಿಸುವುದೆಲ್ಲಿ?

ಮರುದಿನ ಗೇಟಿನ ಬಳಿ ಅನ್ನಪೂರ್ಣ ನನ್ನನ್ನು ನಿಲ್ಲಿಸಿದಳು. ಅಕ್ಕಪಕ್ಕ ನೋಡಿ, "ಯಪ್ಪಾ, ನೀವು ಹೇಳಿದ್ದು ಖರೇ ಅದ. ಮನ್ಯಾಗ ಫೋನಿನ್ಯಾಗ ನೋಡೀನಿ" ಅಂದಳು. ಹಾಗಾದರೆ ಹೇಳವ್ವಾ ಎಂದೆ. ಆಕೆಯ ಕಣ್ಣು ನೆಲಕ್ಕೆ ಹೋಯಿತು. "ನೋಡೀನಂತ ಮಾವಾರ ಮುಂದ ನಾ ಹೆಂಗ ಹೇಳ್ಲಿ?" ಅಂದಳು. ಆಕೆಯ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ನೋಡಿದವರು ಬಾಯಿ ಬಿಡುವ ಹಾಗಿಲ್ಲ, ಬಾಯಿ ಬಿಡುವವರು ನೋಡಿಲ್ಲ. ಇದು ನಮ್ಮ ಮರ್ಯಾದೆ.

ಇಷ್ಟಕ್ಕೇ ನಿಂತಿದ್ದರೆ ಒಂದು ಸಿನಿಮಾ ಹೋಯಿತೆಂದು ಸುಮ್ಮನಾಗುತ್ತಿದ್ದೆ. ಮೌನಪ್ಪ ಸುಮ್ಮನಿರಬೇಕಲ್ಲ. ಮಾನ್ವಿಗೆ ಫೋನು ಮಾಡಿ ನನ್ನ ಅಳಿಯ ಹಂಪಯ್ಯನಿಗೆ, ನಿನ್ನ ಮಗಳು ಇಂಥಾ ಸಿನಿಮಾ ಆರಿಸಿದ್ದಾಳೆ, ಸ್ವಲ್ಪ ಲಕ್ಷ್ಯ ಇಡು ಎಂದ. ಹಿತ ಹೇಳಿದನಂತೆ. ಇಂಥಾ ಎಂದರೆ ಎಂಥಾ? ಹಂಪಯ್ಯ ಕೇಳಲಿಲ್ಲ, ಅವನು ಹೇಳಲಿಲ್ಲ. ಮಾರನೆಯ ದಿನ ಹಂಪಯ್ಯ ಗೊಬ್ಬರದ ಅಂಗಡಿ ಮುಚ್ಚಿ ದೇವದುರ್ಗಕ್ಕೆ ಬಂದ. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ, ಚಹಾ ಕುಡಿದ, ಮಗಳ ಟ್ರಂಕು ಎತ್ತಿಕೊಂಡ. ಉಮಾಶ್ರೀ ಜಗಳವಾಡಲಿಲ್ಲ. ಪುಸ್ತಕಗಳನ್ನು ಒಂದೊಂದಾಗಿ ಜೋಡಿಸಿಕೊಂಡು, ನನಗೆ ಮಾತ್ರೆ ಎಲ್ಲಿದೆ ಎಂದು ತೋರಿಸಿ ಹೋದಳು.

ನಾನು ತಡೆಯಲಾರದೆ ಸಿರವಾರದ ಮೇಲೆ ಹೋಗುವ ಬಸ್ಸು ಹಿಡಿದು ಮಾನ್ವಿಗೆ ಹೋದೆ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೆ: ಒಂದು ಚಾಷ್ಟಿ, ಒಂದು ನಗೆಮಾತು ಇರಬಾರದು, ಕೋರ್ಟಿನಲ್ಲಿ ನಿಂತ ಸಾಕ್ಷಿಯ ಹಾಗೆ ಹೇಳಬೇಕು. ಹಾಗೆಯೇ ಹೇಳಿದೆ. ಹಂಪಯ್ಯ ಕೆಟ್ಟವನಲ್ಲ, ಕೈಕಟ್ಟಿ ಕೂತು ಕೇಳಿದ. ಆದರೆ ಆಡು ಬಂದು ಬಾಗಿಲು ದೂಡಿತು ಎಂದೆ ನೋಡು, ಅವನ ತುಟಿ ಅರಳಿತು. ಆ ಸಿನಿಮಾ ಇರುವುದೇ ಹಾಗೆ, ನಾನೇನು ಮಾಡಲಿ? ಸತ್ಯದೊಳಗೆ ಒಂದು ಆಡು ಇದ್ದರೆ ಸತ್ಯ ಸುಳ್ಳಾಗುತ್ತದೆಯೇ? ನೀನೇ ಒಂದು ಸಲ ನೋಡಪ್ಪ ಎಂದೆ. "ಮಾವಾರ, ದೊಡ್ಡಪ್ಪನೋರಂಥೋರು ನೋಡಿ ಹೇಳ್ಯಾರ. ಅವರ ಮ್ಯಾಲ ನಾ ಮತ್ತ ನೋಡಿದ್ರ ಅವರ ಮಾತಿಗೆ ಬೆಲಿ ಏನು ಉಳೀತು?" ಎಂದ. ನೋಡಿ ಹೇಳಿದರಂತೆ. ತಂಬಿಗೆ ನೀರು ನೋಡಿದರು, ಚಹಾ ನೋಡಿದರು, ವರಾಂಡ ನೋಡಿದರು.

ಈಗ ನಿನಗೆ ಒಂದು ಕೆಲಸ ಹೇಳುತ್ತೇನೆ. ನಿನ್ನ ಹೊಸ ಕಣ್ಣಿನಿಂದ ಆ ಸಿನಿಮಾ ನೋಡು, ಮೊಮ್ಮಕ್ಕಳಿಗೆ ಕೇಳಿದರೆ ಫೋನಿನಲ್ಲಿ ಹಾಕಿ ಕೊಡುತ್ತಾರೆ. ನೋಡಿ ಮಾನ್ವಿಗೆ ಬಾ. ಟಾಕೀಸಿನ ಕಾಲದಲ್ಲಿ ಸಿನಿಮಾ ಹೇಗಿದೆ ಸಾಬ್ ಎಂದು ಯಾರಾದರೂ ಕೇಳಿದರೆ ನೀನು "ಹದಿನಾಕ್ ರೀಲು" ಎಂದು ಹೇಳಿ ಬೀಡಿ ಹಚ್ಚುತ್ತಿದ್ದೆ. ಅದಕ್ಕಿಂತ ಹೆಚ್ಚು ನಿನ್ನ ಬಾಯಿಂದ ಬರುತ್ತಿರಲಿಲ್ಲ. ಹಂಪಯ್ಯ ಹುಡುಗನಿದ್ದಾಗ ಅವ್ವನಿಗೆ ಟಿಕೀಟು ತೆಗೆಸಲು ಬಂದಾಗ ಮಾತ್ರ, ಈ ವಾರದ್ದು ಅವ್ವನಿಗೆ ಬೇಡ, ಮುಂದಿನ ವಾರ ಕರೆದುಕೊಂಡು ಬಾ ಎಂದು ನೀನು ಮೆಟ್ಟಿಲ ಮೇಲೆ ನಿಂತು ಹೇಳಿದ್ದೆ. ಅದನ್ನು ಅವನು ಇವತ್ತಿಗೂ ಹೇಳುತ್ತಾನೆ. ನೀನು ಒಳ್ಳೆಯದಿದೆ ಅಂದರೆ ಅವನಿಗೆ ಒಳ್ಳೆಯದು, ಕೆಟ್ಟದ್ದಿದೆ ಅಂದರೆ ಕೆಟ್ಟದ್ದು. ನಿನಗೆ ಕೆಟ್ಟದ್ದೇ ಕಂಡರೆ ಹಾಗೇ ಹೇಳು, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಬರುವ ದಿನ ತಿಳಿಸಿದರೆ ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ನಿನ್ನನ್ನು ಕೂಡಿಕೊಳ್ಳುತ್ತೇನೆ, ಇಬ್ಬರೂ ಜೊತೆಗೆ ಹೋಗೋಣ.

ಮನೆಯಲ್ಲಿ ಎಲ್ಲರಿಗೂ ನನ್ನ ಸಲಾಮು. ಮೊಮ್ಮಗ ಜಮೀರನಿಗೆ ಆಶೀರ್ವಾದ. ನಿನ್ನ ಹಾಗೆ ಕಮ್ಮಿ ಮಾತಿನವನಾಗಲಿ, ನಿನಗಿಂತ ಸ್ವಲ್ಪ ಹೆಚ್ಚು ನಗಲಿ. ನಿನ್ನ ಎರಡು ಕಣ್ಣುಗಳೂ ತಣ್ಣಗಿರಲಿ.

ನಿನ್ನ
ವಿರೂಪಣ್ಣ

ತಾ.ಕ.: ಇಷ್ಟು ಬರೆದು ಅಂಟಿಸಿದ್ದೆ. ಮತ್ತೆ ಬಿಚ್ಚಿದೆ, ಏಕೆಂದರೆ ಒಂದು ಮಾತು ಬಿಟ್ಟಿದ್ದೆ.

ನಾನು ಮಾನ್ವಿಗೆ ಹೋಗುವ ಹಿಂದಿನ ದಿನವೇ ಉಮಾಶ್ರೀ ತನ್ನ ಅಪ್ಪನ ಮುಂದೆ ಕೂತು ಎಲ್ಲವನ್ನೂ ಹೇಳಿದ್ದಳಂತೆ. ಅರಕೇರಾದ ಹುಡುಗಿಯ ಕಥೆ, ಕೋಣೆ, ಆಡು, ಟೊಪ್ಪಿಗೆ, ಎಲ್ಲ. ಹಂಪಯ್ಯ ನಗದೆ ಕೇಳಿದ್ದ. ಸೋಮವಾರ ಕಾಲೇಜಿಗೆ ಬಿಟ್ಟು ಬರುತ್ತೇನೆ ಎನ್ನುವ ತನಕ ಬಂದಿದ್ದ. ಇದನ್ನು ಬಸವಂತಮ್ಮ ನನಗೆ ಅಡಿಗೆಮನೆಯಲ್ಲಿ ಹೇಳಿದಳು, ಎಲ್ಲ ಮುಗಿದ ಮೇಲೆ. ಅಷ್ಟರಲ್ಲಿ ನಾನು ಹೋಗಿ ಅದೇ ಕೋಣೆ, ಅದೇ ಆಡು, ಅದೇ ಟೊಪ್ಪಿಗೆ ಹೇಳಿದ್ದೆನಲ್ಲ. ಹಂಪಯ್ಯ ಮಗಳ ಕಡೆ ತಿರುಗಿ, "ತಾತ ಮೊಮ್ಮಗಳು ಕೂಡಿ ಕಥಿ ಕಟ್ಟೀರಿ ಬಿಡು" ಎಂದ. ಸೋಮವಾರದ ಮಾತು ಅಲ್ಲಿಗೇ ಬಿತ್ತು. ಅವಳೂ ಹೇಳಿದ್ದಳೆಂದು ನನಗೆ ಗೊತ್ತಿರಲಿಲ್ಲ, ಅವನು ಅಂದದ್ದು ಏನೆಂದು ನನಗೆ ಆಗ ತಿಳಿಯಲೂ ಇಲ್ಲ.

ಹೊರಡುವಾಗ ಉಮಾಶ್ರೀ ಬಾಗಿಲ ತನಕ ಬಂದಳು. ನನ್ನ ಚೀಲದಲ್ಲಿ ನೀರಿನ ಬಾಟಲಿ ಇಡುತ್ತ, "ತಾತಾ, ಇನ್ನ ಮ್ಯಾಲ ನನ್ ಪರವಾಗಿ ನೀ ಮಾತಾಡಬ್ಯಾಡ" ಅಂದಳು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ.

ಆದ್ದರಿಂದ ಮೇಲೆ ಬರೆದದ್ದನ್ನು ಬಿಡು. ಮಾನ್ವಿಗೆ ನೀನೊಬ್ಬನೇ ಹೋಗು. ನನ್ನನ್ನು ಕರೆಯಬೇಡ. ವಿರೂಪಣ್ಣ ಹೇಳಿ ಕಳಿಸಿದ ಎಂದೂ ಹೇಳಬೇಡ.